ಎರಡನೆಯ ದುಭಾಷಿ

ಹಿಂದಿನ ಅರಸರ ಆಸ್ಥಾನಗಳಲ್ಲಿ ದುಭಾಷಿಯೆಂಬ ಒಬ್ಬ ಅಧಿಕಾರಿಯಿರುತ್ತಿದ್ದನಷ್ಟೆ. ಪರದೇಶದ ರಾಯಭಾರಿ ತನ್ನ ನುಡಿಯಲ್ಲಿ ಬಿನ್ನವಿಸಿದ್ದನ್ನು ಅರಸನ ನುಡಿಗೆ ತಿರುಗಿಸಿ, ಅರಸನು ಅಪ್ಪಣೆ ಕೊಡಿಸಿದ್ದನ್ನು ರಾಯಭಾರಿಯ ನುಡಿಗೆ ತಿರುಗಿಸಿ, ತಾನು ನಡುವೆ ಇದ್ದೂ ಇಲ್ಲದವನಂತಿರುವುದು ಅವನ ಕಸುಬು. ಆದರೆ ಇದ್ದೂ ಇಲ್ಲದಂತಿರುವುದು ಯಾರಿಂದ ತಾನೆ ಆದೀತು? ಒಬ್ಬನೇ ದುಭಾಷಿ ಮೂವತ್ತು ವರ್ಷ ಆ ಪದವಿಯಲ್ಲಿದ್ದನೆಂದರೆ, ಲೆಕ್ಕ ಹೇಳುವಾಗ ಚಿಲ್ಲರೆ ಹಣಗಳನ್ನು ಬಿಟ್ಟು ವರಹಗಳನ್ನಷ್ಟೇ ಉಸುರುವ ಅವನ ಅಭ್ಯಾಸವೂ, ಅಪ್ಪಣೆಯ ಕೊನೆಗೆ ತಾನಾಗಿ ಸೇರಿಸುವ ಒಂದು ಉಪಚಾರದ ಮಾತೂ, ಸಿಟ್ಟಿನ ನುಡಿಯನ್ನು ಅರ್ಧಕ್ಕೆ ಇಳಿಸುವ ಅವನ ಜಾಣತನವೂ ಅರಸನ ನುಡಿಯ ಅಂಗಗಳೇ ಎಂದು ಹೊರಗಿನವರು ನಂಬಿಬಿಡುತ್ತಾರೆ. ಅವನ ತರುವಾಯ ಬಂದ ಹೊಸಬನು ನಿಷ್ಠೆಯಿಂದ ಮೂಲವನ್ನೇ ನುಡಿದರೂ, ಅರಸನ ಮನಸ್ಸು ಬದಲಾಯಿತೆಂದು ಊರೆಲ್ಲ ಗುಲ್ಲಾಗುತ್ತದೆ.

ಗಣಕಯಂತ್ರದ ಒಳಗೂ ಇಂಥ ದುಭಾಷಿಯೊಬ್ಬನಿದ್ದಾನೆ. ಅವನಿಗೆ ಇಂಟರ್‌ಪ್ರಿಟರ್ ಎಂದು ಹೆಸರು. ಯಂತ್ರಕ್ಕೆ ಸ್ವಭಾವತಃ ತಿಳಿದಿರುವ ನುಡಿ ಬಹಳ ಬಡವಾದದ್ದು: ಈ ಅಂಕಿಗೆ ಆ ಅಂಕಿಯನ್ನು ಕೂಡು, ಇಲ್ಲಿರುವುದನ್ನು ಅಲ್ಲಿಗೆ ಸಾಗಿಸು, ಫಲವು ಸೊನ್ನೆಯಾದರೆ ಆಚೆಯ ಮನೆಗೆ ನೆಗೆ, ಇಷ್ಟರ ಹೊರತು ಅದಕ್ಕೆ ಬೇರೆಯದು ತಿಳಿಯದು. ಮನುಷ್ಯನಾದರೋ, ಈ ಪುಸ್ತಕದಲ್ಲಿರುವ ಪದಗಳನ್ನೆಲ್ಲ ಎಣಿಸಿ ಅಕಾರಾದಿಯಾಗಿ ಬರೆಯೆಂಬಂಥ ಮಾತಿನಲ್ಲಿ ಯೋಚಿಸತಕ್ಕವನು. ಇವೆರಡರ ನಡುವಣ ಕಂದರವನ್ನು ದಾಟಲು ಎರಡು ಉಪಾಯಗಳುಂಟು. ಇಡೀ ಗ್ರಂಥವನ್ನು ಒಮ್ಮೆಗೇ ಯಂತ್ರದ ನುಡಿಗೆ ಅನುವಾದಿಸಿ, ಮೂಲವನ್ನು ಪಕ್ಕಕ್ಕಿಟ್ಟು, ಅನುವಾದವನ್ನೇ ಓಡಿಸುವುದು ಒಂದು. ಹೀಗೆ ಮಾಡುವುದು ಕಂಪೈಲರ್. ಮೂಲದ ಒಂದೊಂದು ಆಜ್ಞೆಯನ್ನೂ ಆಯಾ ಹೊತ್ತಿಗೆ ಓದಿ, ಅದರ ಅಭಿಪ್ರಾಯವನ್ನು ತಿಳಿದು, ಅಲ್ಲಿಯೇ ನಡೆಸಿಕೊಡುವುದು ಇನ್ನೊಂದು. ಇದು ನಮ್ಮ ದುಭಾಷಿಯ ರೀತಿ. ಮೊದಲನೆಯದು ವೇಗವುಳ್ಳದ್ದು, ಎರಡನೆಯದು ಸಲಿಗೆಯುಳ್ಳದ್ದು.

ಈ ಎರಡನೆಯ ಕುಲದ ಪೂರ್ವಿಕನೊಬ್ಬನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಜಾನ್ ಮೆಕಾರ್ಥಿಯವರು ಲಿಸ್ಪ್ ಎಂಬ ಭಾಷೆಯನ್ನು ಕಲ್ಪಿಸುತ್ತಿದ್ದಾಗ, ಲಿಸ್ಪ್‌ನ ಯಾವ ವಾಕ್ಯವನ್ನಾದರೂ ಕೊಟ್ಟರೆ ಅದರ ಬೆಲೆಯನ್ನು ಹೇಳಿಬಿಡುವ ಒಂದು ಸೂತ್ರವನ್ನು ಲಿಸ್ಪ್‌ನಲ್ಲಿಯೇ ಬರೆದರು. ಅದು ಕಾಗದದ ಮೇಲಿನ ಉಪಪತ್ತಿಗಾಗಿ ಹುಟ್ಟಿದ್ದೇ ಹೊರತು ಯಂತ್ರದಲ್ಲಿ ಓಡಿಸುವುದಕ್ಕಾಗಿ ಅಲ್ಲವೆಂದು ಅವರ ಎಣಿಕೆ. ಅವರ ಜೊತೆಯವರಾದ ಸ್ಟೀವ್ ರಸೆಲ್ ಅದೇ ಸೂತ್ರವನ್ನು ಕೈಯಿಂದಲೇ ಯಂತ್ರದ ಸಂಕೇತಗಳಿಗೆ ಇಳಿಸಿ ಐ.ಬಿ.ಎಂ. 704ರ ಹೊಟ್ಟೆಗೆ ಹಾಕಿಬಿಟ್ಟಾಗ, ಸಿದ್ಧಾಂತವನ್ನೂ ಪ್ರಯೋಗವನ್ನೂ ಕಲಸಿಬಿಡುತ್ತಿದ್ದೀಯೆಂದು ಎಚ್ಚರಿಸಿದ್ದ ಮೆಕಾರ್ಥಿಯವರ ಎದುರಿಗೇ ಲಿಸ್ಪ್‌ಗೆ ಇಂಟರ್‌ಪ್ರಿಟರ್ ಹುಟ್ಟಿತು. ಮೆಕಾರ್ಥಿಯವರ ಲೇಖನ ಅಚ್ಚಾದದ್ದು 1960ರಲ್ಲಿ. ಒಂದು ಭಾಷೆಯ ಅರ್ಥವನ್ನು ಅದೇ ಭಾಷೆಯಲ್ಲಿ ಹೇಳುವ ಆ ಹುಚ್ಚು, ನಾವು ಮುಂದೆ ನೋಡುವಂತೆ, ನಲವತ್ತಮೂರು ವರ್ಷಗಳ ಮೇಲೆ ಜರ್ಮನಿಯ ಒಂದು ಊರಿನಲ್ಲಿ ಮತ್ತೆ ಮೈದುಂಬಿತು.

ಪೈಥಾನ್ ಭಾಷೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಇಂದು ಶಾಲೆಯ ಹುಡುಗರೂ ಅದರಲ್ಲಿ ಕ್ರಮವಿಧಿಗಳನ್ನು ಬರೆಯುತ್ತಾರೆ. ನೆದರ್ಲೆಂಡ್ಸಿನ ಗೀಡೋ ವಾನ್ ರೋಸಮ್ ಅವರು 1989ರ ಕ್ರಿಸ್ಮಸ್ ರಜೆಯಲ್ಲಿ, ಆಮ್‌ಸ್ಟರ್‌ಡಾಮಿನ ರಾಷ್ಟ್ರೀಯ ಗಣಿತ ಮತ್ತು ಗಣಕಶಾಸ್ತ್ರ ಸಂಶೋಧನಾಲಯದಲ್ಲಿ ಉದ್ಯೋಗದಲ್ಲಿದ್ದಾಗ, ಹೊತ್ತು ಕಳೆಯುವುದಕ್ಕೆಂಬಂತೆ ಅದನ್ನು ಕಟ್ಟತೊಡಗಿ 1991ರಲ್ಲಿ ಲೋಕದ ಕೈಗಿತ್ತರು. ಹೆಸರು ಹಾವಿನಿಂದ ಬಂದದ್ದಲ್ಲ. ಮಾಂಟಿ ಪೈಥಾನ್ ಎಂಬ ಆಂಗ್ಲ ಹಾಸ್ಯಮಂಡಲಿಯಿಂದ ಬಂದದ್ದು. ಅವರು ಕಟ್ಟಿದ ಇಂಟರ್‌ಪ್ರಿಟರ್ ಸಿ ಎಂಬ ಭಾಷೆಯಲ್ಲಿ ಬರೆದದ್ದಾದುದರಿಂದ, ತರುವಾಯ ಬೇರೆ ಇಂಟರ್‌ಪ್ರಿಟರ್‌ಗಳು ಹುಟ್ಟಿಕೊಂಡ ಮೇಲೆ, ಗುರುತಿಗಾಗಿ ಅದನ್ನು ಸಿಪೈಥಾನ್ ಎಂದು ಕರೆಯುವುದು ರೂಢಿಯಾಯಿತು. ಒಬ್ಬನೇ ಮಗನಿರುವ ಮನೆಯಲ್ಲಿ ಅವನನ್ನು ಹಿರಿಯವನೆಂದು ಯಾರೂ ಕರೆಯುವುದಿಲ್ಲವಲ್ಲ. ಕಿರಿಯವನು ಹುಟ್ಟಿದ ಮೇಲೆಯೇ ಆ ಮಾತಿಗೆ ಪ್ರಸಕ್ತಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪೈಥಾನ್ ಎಂದರೆ ಯಾವುದು? ಗೀಡೋ ಅವರು ಬರೆದಿಟ್ಟ ಭಾಷಾನಿಯಮಗಳ ಕೈಪಿಡಿಯೆ, ಅಥವಾ ಅವರ ಇಂಟರ್‌ಪ್ರಿಟರ್ ಏನನ್ನು ಮಾಡುತ್ತದೆಯೋ ಅದೆಯೆ? ನಮ್ಮ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಲಕ್ಷಣ ಮತ್ತು ಲಕ್ಷ್ಯಗಳ ನಡುವಣ ವ್ಯಾಜ್ಯ. ಕೇಶಿರಾಜನು ಸೂತ್ರಗಳನ್ನು ಕಟ್ಟಿದ್ದು ಕವಿಗಳ ಪ್ರಯೋಗಗಳನ್ನು ಎದುರಿಗಿಟ್ಟುಕೊಂಡು. ಪ್ರಯೋಗ ಮೊದಲು, ಸೂತ್ರ ಆಮೇಲೆ. ಪೈಥಾನಿನ ಕೈಪಿಡಿಯೂ ಈ ವಿಷಯದಲ್ಲಿ ಪ್ರಾಮಾಣಿಕವಾದದ್ದು. ತಾನು ಗಣಿತದ ಬಿಗಿಯಿಂದ ಬರೆದದ್ದಲ್ಲವೆಂದೂ, ಮಂಗಳಗ್ರಹದಿಂದ ಬಂದವನೊಬ್ಬನು ತನ್ನನ್ನು ಮಾತ್ರ ಓದಿಕೊಂಡು ಪೈಥಾನನ್ನು ಮತ್ತೆ ಕಟ್ಟಹೊರಟರೆ ಹಲವೆಡೆ ಊಹಿಸಬೇಕಾಗಿ ಬಂದು ಕೊನೆಗೆ ಬೇರೊಂದು ಭಾಷೆಯನ್ನೇ ಕಟ್ಟಿಯಾನೆಂದೂ ಅದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಳ್ಳುತ್ತದೆ. ಎರಡನೆಯ ಇಂಟರ್‌ಪ್ರಿಟರನ್ನು ಕಟ್ಟುವವನು ಈ ಮಂಗಳಗ್ರಹದವನೇ ಸರಿ. ಅವನಿಗಿರುವ ಒಂದೇ ಅನುಕೂಲವೆಂದರೆ, ಸಂದೇಹ ಬಂದಲ್ಲಿ ಹಿರಿಯನನ್ನು ಕೇಳಬಹುದು. ಒಂದೇ ಅನಾನುಕೂಲವೂ ಅದೇ: ಹಿರಿಯನು ಯಾವುದನ್ನು ನಿಯಮವೆಂದು ಮಾಡುತ್ತಾನೆ, ಯಾವುದನ್ನು ಅಭ್ಯಾಸಬಲದಿಂದ ಮಾಡುತ್ತಾನೆಂಬುದು ಅವನಿಗೂ ತಿಳಿಯದು.

ಈ ಸಾಹಸಕ್ಕೆ ಮೊದಲು ಕೈಹಾಕಿದವರಲ್ಲಿ ಜಿಮ್ ಹ್ಯೂಗ್ನಿನ್ ಎಂಬವರು ಮುಖ್ಯರು. 1997ರಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯ ಯಂತ್ರದ ಮೇಲೆ ನಡೆಯುವ ಪೈಥಾನೊಂದನ್ನು ಅವರು ಕಟ್ಟಿದರು. ಅದು ಇಂದು ಜೈಥಾನ್ ಎಂದು ಪ್ರಸಿದ್ಧ. ಕೆಲವು ವರ್ಷಗಳ ತರುವಾಯ, ಮೈಕ್ರೋಸಾಫ್ಟ್‌ನವರ ಡಾಟ್‌ನೆಟ್ ಎಂಬ ವೇದಿಕೆ ಇಂಥ ಸಡಿಲಸ್ವಭಾವದ ಭಾಷೆಗಳಿಗೆ ಏತಕ್ಕೆ ಒಗ್ಗದೆಂಬುದನ್ನು ಸಾಧಿಸಿ ತೋರಿಸಲು ಹೊರಟು, ಕಟ್ಟಿ ನೋಡಿದಾಗ ಚೆನ್ನಾಗಿಯೇ ಒಗ್ಗುತ್ತದೆಂದು ಕಂಡು, ಖಂಡಿಸಹೋದ ಪೂರ್ವಪಕ್ಷವನ್ನೇ ಸಿದ್ಧಾಂತವಾಗಿ ಸ್ವೀಕರಿಸಿದ ಪಂಡಿತನಂತೆ ಐರನ್‌ಪೈಥಾನ್ ಎಂಬುದನ್ನು ರೂಪಿಸಿದವರೂ ಅವರೇ. ಇದೇ ಹ್ಯೂಗ್ನಿನ್ ಅವರು ಇನ್ನೂ ಒಂದು ಕೆಲಸ ಮಾಡಿದ್ದರು. ಅಂಕಿಗಳ ದೊಡ್ಡ ದೊಡ್ಡ ಕೋಷ್ಟಕಗಳನ್ನು ಕ್ಷಣದಲ್ಲಿ ಗುಣಿಸಿ ಕೂಡಿಸುವ, ಸಿ ಭಾಷೆಯಲ್ಲಿ ಬರೆದ ನ್ಯೂಮರಿಕ್ ಎಂಬ ಉಪಾಂಗವನ್ನು ಸಿಪೈಥಾನಿಗೆ ಜೋಡಿಸಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆ ಮತ್ತೆ ಇಲ್ಲಿಗೇ ಬರುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಪೈಪೈ ಎಂಬ ಇಂಟರ್‌ಪ್ರಿಟರಿನ ಮುಂದೆ. 2003ರ ಫೆಬ್ರವರಿಯಲ್ಲಿ ಜರ್ಮನಿಯ ಹಿಲ್ಡೆಸ್‌ಹೈಮ್ ಎಂಬ ಊರಿನಲ್ಲಿ ಆರ್ಮಿನ್ ರೀಗೋ, ಕ್ರಿಶ್ಚಿಯನ್ ಟಿಸ್ಮರ್, ಹೋಲ್ಗರ್ ಕ್ರೇಕೆಲ್ ಮೊದಲಾದ ಕೆಲವರು ಒಂದು ವಾರ ಕೂಡಿ ಕುಳಿತರು. ಅವರಲ್ಲಿ ರೀಗೋ ಅವರು ಸಿಪೈಥಾನಿನ ವೇಗವನ್ನು ಹೆಚ್ಚಿಸುವ ಸೈಕೋ ಎಂಬ ಉಪಕರಣವನ್ನೂ, ಟಿಸ್ಮರ್ ಅವರು ಸ್ಟ್ಯಾಕ್‌ಲೆಸ್ ಎಂಬ ಪೈಥಾನ್ ರೂಪಾಂತರವನ್ನೂ ಮಾಡಿ ಕೈ ಪಳಗಿಸಿಕೊಂಡವರು. ಹಿರಿಯನ ಮನೆಯ ಒಳಕೋಣೆಗಳನ್ನೆಲ್ಲ ಕಂಡು, ಅಲ್ಲಿ ಒಂದು ಗೋಡೆಯನ್ನು ಸರಿಸಬೇಕಾದರೂ ಹತ್ತು ತೊಲೆಗಳಿಗೆ ಆಸರೆ ಕೊಡಬೇಕೆಂಬುದನ್ನು ಅನುಭವಿಸಿ ಬೇಸತ್ತವರು. ಅವರ ಸಂಕಲ್ಪ ವಿಚಿತ್ರವಾದದ್ದು: ಪೈಥಾನಿನ ಇಂಟರ್‌ಪ್ರಿಟರನ್ನು ಪೈಥಾನಿನಲ್ಲಿಯೇ ಬರೆಯುವುದು. ದುಭಾಷಿಯ ಮಾತನ್ನು ಅರ್ಥಮಾಡಿಕೊಳ್ಳಲು ಮತ್ತೊಬ್ಬ ದುಭಾಷಿ ಬೇಕಾಗುವ ಈ ಏರ್ಪಾಟಿನ ಫಲ ಊಹಿಸಿದಂತೆಯೇ ಆಯಿತು. ಸಿಪೈಥಾನಿನ ಹೆಗಲ ಮೇಲೆ ಕುಳಿತು ನಡೆದ ಆ ಮೊದಲ ಪೈಪೈ, ಸಿಪೈಥಾನಿಗಿಂತ ಸುಮಾರು 2000 ಪಟ್ಟು ನಿಧಾನ. ಒಂದು ಸೆಕೆಂಡಿನ ಲೆಕ್ಕಕ್ಕೆ ಅರ್ಧ ಗಂಟೆಯ ಮೇಲೆ ಹಿಡಿಯುತ್ತಿತ್ತು.

ನಗುವುದಕ್ಕೆ ಮೊದಲು ಅವರ ಉದ್ದೇಶವನ್ನು ಕೇಳಬೇಕು. ಅವರು ಬರೆದದ್ದು ಪೈಥಾನಿನ ಸರ್ವತಂತ್ರಸ್ವತಂತ್ರ ರೂಪದಲ್ಲಲ್ಲ. ವ್ರತಹಿಡಿದ ಒಂದು ರೂಪದಲ್ಲಿ. ಅದಕ್ಕೆ ಆರ್‌ಪೈಥಾನ್ ಎಂದು ಹೆಸರು. ಸಾಧಾರಣ ಪೈಥಾನಿನಲ್ಲಿ ಒಂದು ಹೆಸರು ಈ ಗಳಿಗೆಯಲ್ಲಿ ಅಂಕಿಯನ್ನು ಸೂಚಿಸಿ ಮರುಗಳಿಗೆಯಲ್ಲಿ ಪದವನ್ನು ಸೂಚಿಸಬಹುದು. ಆರ್‌ಪೈಥಾನಿನಲ್ಲಿ ಈ ಚಾಪಲ್ಯ ಕೂಡದು. ಹೀಗೆ ನಿಯಮಬದ್ಧವಾದ ಗ್ರಂಥವನ್ನು ಆಮೂಲಾಗ್ರವಾಗಿ ಪರಿಶೀಲಿಸಿ, ಪ್ರತಿಯೊಂದು ಹೆಸರೂ ಯಾವ ಜಾತಿಯ ವಸ್ತುವನ್ನು ಹಿಡಿದಿರುವುದೆಂದು ತರ್ಕಿಸಿ, ಎಲ್ಲವನ್ನೂ ಸಿ ಭಾಷೆಗೆ ಇಳಿಸಿಬಿಡುವ ಅನುವಾದಕಯಂತ್ರವೊಂದನ್ನೂ ಅವರು ಜೊತೆಯಲ್ಲಿಯೇ ಕಟ್ಟಿದರು. 2005ರ ವೇಳೆಗೆ ಪೈಪೈ ಹೀಗೆ ಅನುವಾದಗೊಂಡು ತನ್ನ ಕಾಲಮೇಲೆ ತಾನು ನಿಂತಿತು. ಅನುವಾದವು ಬಹಳ ಹೊತ್ತು ಹಿಡಿಯುವ ಕೆಲಸ; ಕಾಯುತ್ತ ಕುಳಿತವನಿಗೆ ಬೇಸರವಾಗದಿರಲೆಂದೋ ಏನೋ, ಆ ಹೊತ್ತಿನಲ್ಲಿ ತೆರೆಯ ಮೇಲೆ ಮ್ಯಾಂಡೆಲ್‌ಬ್ರಾಟ್ ಗಣದ ಚಿತ್ರ ಅಕ್ಷರಗಳಲ್ಲಿ ಸಾಲುಸಾಲಾಗಿ ಮೂಡುವಂತೆ ಮಾಡಿದ್ದಾರೆ. ಇಂಜಿನಿಯರರಲ್ಲಿ ಇಷ್ಟು ರಸಿಕತೆ ಇರುವುದನ್ನು ಕಂಡು ನನಗೆ ಸಂತೋಷವಾಯಿತು.

ಈ ಕಟ್ಟಡದ ಒಂದು ತಂತ್ರವಂತೂ ನನ್ನ ಮನಸ್ಸನ್ನು ಸೆರೆಹಿಡಿದಿದೆ. ಇಂಟರ್‌ಪ್ರಿಟರನ್ನು ಅವರು ಎರಡಾಗಿ ಸೀಳಿದರು: ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ಓದುವ ವಾಚಕ ಒಂದು ಕಡೆ, ಕೂಡು ಎಂದರೆ ಏನು, ಕಳೆ ಎಂದರೆ ಏನು ಎಂಬುದನ್ನು ಬಲ್ಲ ವಸ್ತುಲೋಕ ಇನ್ನೊಂದು ಕಡೆ. ವಾಚಕನಿಗೆ ವಸ್ತುಗಳ ಒಳಗುಟ್ಟು ತಿಳಿಯದು. ಎರಡನ್ನು ಕೈಗೆತ್ತಿಕೊಂಡು, ಇವನ್ನು ಕೂಡಿಕೊಡಿರೆಂದು ವಸ್ತುಲೋಕಕ್ಕೆ ಒಪ್ಪಿಸುತ್ತಾನೆ, ಅಷ್ಟೆ. ಆದಕಾರಣ ವಸ್ತುಲೋಕವನ್ನು ಬದಲಾಯಿಸಿದರೆ ಅದೇ ವಾಚಕನು ಬೇರೊಂದು ಕೆಲಸಕ್ಕೆ ಒದಗುತ್ತಾನೆ. ನಿಜವಾದ ಅಂಕಿಗಳಿರುವ ಲೋಕವನ್ನಿತ್ತರೆ ಕ್ರಮವಿಧಿ ಓಡುತ್ತದೆ. ಅಂಕಿಗಳ ಬದಲು 'ಇನ್ನೂ ತಿಳಿಯದ್ದು' ಎಂಬ ಛಾಯಾವಸ್ತುಗಳೇ ತುಂಬಿರುವ ಲೋಕವನ್ನಿತ್ತರೆ, ಕೂಡಿಸು ಎಂದಾಗ ಕೂಡುವುದಕ್ಕೆ ಏನೂ ಇಲ್ಲದೆ, ಇಲ್ಲಿ ಕೂಡಬೇಕಾಗಿತ್ತೆಂದು ಆ ಲೋಕ ಟಿಪ್ಪಣಿ ಬರೆದುಕೊಳ್ಳುತ್ತದೆ. ಹೀಗೆ ಕೊನೆಯವರೆಗೆ ಓದಿ ಮುಗಿಸುವಷ್ಟರಲ್ಲಿ ಆ ಕ್ರಮವಿಧಿಯ ಸಮಗ್ರ ನಕ್ಷೆ ಕೈಗೆ ಸಿಕ್ಕಿರುತ್ತದೆ. ಅನುವಾದಕಯಂತ್ರಕ್ಕೆ ಬೇಕಾದದ್ದು ಈ ನಕ್ಷೆಯೇ.

ಐರೋಪ್ಯ ಒಕ್ಕೂಟದ ಧನಸಹಾಯ 2004ರ ಕೊನೆಯಿಂದ 2007ರ ಮಾರ್ಚಿಯವರೆಗೆ ನಡೆದು, ಅದು ಮುಗಿಯುವ ಹೊತ್ತಿಗೆ ಪೈಪೈಯ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಆದರೆ ಅದು ಜನರ ಕಣ್ಣಿಗೆ ಬಿದ್ದದ್ದು 2010ರಲ್ಲಿ, ಜಿಟ್ ಎಂಬ ಯುಕ್ತಿ ಅದಕ್ಕೆ ಜೋಡಣೆಯಾದ ಮೇಲೆ. ಜಿಟ್ ಎಂದರೆ ಓಡುತ್ತಿರುವಾಗಲೇ ಅನುವಾದಿಸುವುದು. ಕ್ರಮವಿಧಿಯಲ್ಲಿ ಪದೇ ಪದೇ ಸುತ್ತುವ ಆವರ್ತಗಳಿರುತ್ತವೆ. ಒಂದು ಆವರ್ತವು ಸಾವಿರದಷ್ಟು ಸಲ ಸುತ್ತಿತೆಂದರೆ (ಪೈಪೈ ಇಟ್ಟುಕೊಂಡಿರುವ ಮಿತಿ 1039), ಇದು ಇನ್ನೂ ಸುತ್ತೀತೆಂದು ಊಹಿಸಿ, ಮುಂದಿನ ಒಂದು ಸುತ್ತಿನಲ್ಲಿ ನಡೆದ ಪ್ರತಿಯೊಂದು ಕ್ರಿಯೆಯನ್ನೂ ದಾಖಲೆ ಮಾಡಿ, ಆ ದಾಖಲೆಯನ್ನು ನೇರವಾಗಿ ಯಂತ್ರದ ನುಡಿಗೆ ಇಳಿಸಿ, ಅಲ್ಲಿಂದ ಮುಂದೆ ಅದನ್ನೇ ಓಡಿಸುತ್ತದೆ. ಆ ಸುತ್ತಿನಲ್ಲಿ ಸತ್ಯವಾಗಿದ್ದದ್ದು ಮುಂದೆಯೂ ಸತ್ಯವಾಗಿದ್ದೀತೆಂಬ ಭರವಸೆಯಿಲ್ಲವಲ್ಲ. ಅದಕ್ಕಾಗಿ ನಡುನಡುವೆ ಕಾವಲುಗಾರರನ್ನಿಟ್ಟಿದೆ. ಅಂಕಿ ಬರಬೇಕಾದಲ್ಲಿ ಪದ ಬಂದರೆ ಕಾವಲುಗಾರನು ತಡೆದು ಹಳೆಯ ನಿಧಾನದ ದಾರಿಗೆ ಮರಳಿಸುತ್ತಾನೆ; ಒಂದೇ ಕಾವಲಿನಲ್ಲಿ ಪುನಃ ಪುನಃ ತಡೆಯಾದರೆ ಅಲ್ಲಿಂದ ಹೊಸ ಕವಲುದಾರಿಯೊಂದನ್ನು ಕಡಿದುಕೊಳ್ಳುತ್ತದೆ.

ಇಷ್ಟನ್ನು ಇತರರೂ ಮಾಡಿದ್ದರು. ಪೈಪೈಯವರ ಪ್ರತಿಭೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಅವರ ಜಿಟ್ ದಾಖಲೆ ಮಾಡುವುದು ಬಳಕೆದಾರನ ಕ್ರಮವಿಧಿ ನಡೆಯುವುದನ್ನಲ್ಲ, ಆ ಕ್ರಮವಿಧಿಯನ್ನು ನಡೆಸುತ್ತಿರುವ ಇಂಟರ್‌ಪ್ರಿಟರ್ ನಡೆಯುವುದನ್ನು. ಭಾಷೆಯ ಅರ್ಥವನ್ನು ಇಂಟರ್‌ಪ್ರಿಟರಿನಲ್ಲಿ ಒಮ್ಮೆ ಬರೆದರಾಯಿತು. ಅದೇ ಅರ್ಥವನ್ನು ಜಿಟ್‌ಗಾಗಿ ಮತ್ತೊಮ್ಮೆ ಬರೆಯಬೇಕಾಗಿಲ್ಲ, ಬರೆದು ಎರಡರ ನಡುವೆ ತಾಳೆ ತಪ್ಪುವ ಭಯವೂ ಇಲ್ಲ. ಆರ್‌ಪೈಥಾನಿನಲ್ಲಿ ಇಂಟರ್‌ಪ್ರಿಟರ್ ಬರೆದವನು, ಕ್ರಮವಿಧಿಯ ಯಾವ ಸ್ಥಾನದಲ್ಲಿದ್ದೇನೆಂಬುದನ್ನು ಸೂಚಿಸುವ ಹೆಸರುಗಳನ್ನು ಹಸಿರೆಂದೂ ಮಿಕ್ಕವನ್ನು ಕೆಂಪೆಂದೂ ಗುರುತುಮಾಡಿ, ಎರಡು ಮೂರು ಸುಳುಹುಗಳನ್ನಿತ್ತರೆ ಸಾಕು. ಜಿಟ್ ತಾನಾಗಿ ಒದಗಿಬರುತ್ತದೆ. ಇಂಟರ್‌ಪ್ರಿಟರನ್ನೇ ಒಂದು ನಿರ್ದಿಷ್ಟ ಕ್ರಮವಿಧಿಗಾಗಿ ವಿಶೇಷಿಸಿದರೆ ಸಿಗುವುದು ಕಂಪೈಲಾದ ಕ್ರಮವಿಧಿಯೇ ಎಂದು ಜಪಾನಿನ ಯೋಶಿಹಿಕೋ ಫುತಾಮುರ ಅವರು 1971ರಲ್ಲಿ ತೋರಿಸಿದ್ದರು. ಪೈಪೈ ಆ ದರ್ಶನಕ್ಕೆ ಹತ್ತಿರದ ನೆಂಟ. ಇದೇ ಸಲಕರಣೆಗಳಿಂದ ರೂಬಿ ಎಂಬ ಭಾಷೆಗೆ ಟೋಪಾಜ್, ರ‍್ಯಾಕೆಟ್ಟಿಗೆ ಪಿಕೆಟ್ ಎಂಬ ಇಂಟರ್‌ಪ್ರಿಟರ್‌ಗಳನ್ನು ಬೇರೆಯವರು ಕಟ್ಟಿಕೊಂಡರು. ಒಂದು ಕಾಲಕ್ಕೆ 2000 ಪಟ್ಟು ನಿಧಾನವಾಗಿದ್ದ ಪೈಪೈ, ಲೆಕ್ಕಗಳೇ ಹೆಚ್ಚಾಗಿರುವ ಕೆಲಸಗಳಲ್ಲಿ ಹಿರಿಯನನ್ನು ಹಲವು ಪಟ್ಟು ಹಿಂದೆ ಹಾಕಿತು.

ಆದರೆ ವೇಗವು ಈ ಕಥೆಯ ಸುಲಭವಾದ ಅರ್ಧ. ಕಷ್ಟವಾದ ಅರ್ಧದ ಹೆಸರು ಹೊಂದಾಣಿಕೆ. ನಿನ್ನೆಯವರೆಗೆ ಸಿಪೈಥಾನಿನಲ್ಲಿ ನಡೆದ ಕ್ರಮವಿಧಿ ನಾಳೆ ಪೈಪೈಯಲ್ಲಿಯೂ ಹಾಗೆಯೇ, ಅಕ್ಷರವೂ ವ್ಯತ್ಯಾಸವಾಗದಂತೆ, ನಡೆಯತಕ್ಕದ್ದು. ಇಲ್ಲವಾದರೆ ಯಾರೂ ಮನೆ ಬದಲಾಯಿಸರು. ಇದಕ್ಕೆ ಇರುವ ಒರೆಗಲ್ಲು ಸಿಪೈಥಾನಿನವರು ತಮ್ಮ ಕೃತಿಯ ಪರೀಕ್ಷೆಗಾಗಿ ಬರೆದಿಟ್ಟುಕೊಂಡ ಸಾವಿರಾರು ಪ್ರಶ್ನೆಗಳ ಸಮೂಹ. ಕಿರಿಯನು ಹಿರಿಯನ ಪ್ರಶ್ನಪತ್ರಿಕೆಗೇ ಉತ್ತರ ಬರೆಯಬೇಕು. ಬರೆಯುತ್ತ ಹೋದಂತೆ ಒಂದು ಮೋಜು ಹೊರಬಿತ್ತು: ಪ್ರಶ್ನೆಗಳಲ್ಲಿ ಕೆಲವು ಭಾಷೆಯನ್ನು ಪರೀಕ್ಷಿಸುತ್ತಿರಲಿಲ್ಲ, ಹಿರಿಯನ ಮೈಕಟ್ಟನ್ನು ಪರೀಕ್ಷಿಸುತ್ತಿದ್ದುವು. ಇಂಥವಕ್ಕೆ 'ಇದು ಸಿಪೈಥಾನಿಗೆ ಮಾತ್ರ' ಎಂಬ ಚೀಟಿಯನ್ನು ಅಂಟಿಸುವ ಪದ್ಧತಿ ಕ್ರಮೇಣ ಬಂದಿತು. ಕೈಪಿಡಿಯಲ್ಲಿಯೂ ಅಲ್ಲಲ್ಲಿ, ಇದು ನಿಯಮವಲ್ಲ, ಸಿಪೈಥಾನಿನ ಒಳಗಿನ ವಿವರ, ಎಂಬ ಟಿಪ್ಪಣಿಗಳು ಸೇರಿದುವು. ಎರಡನೆಯವನು ಹುಟ್ಟದಿದ್ದರೆ ಆ ಚೀಟಿಗಳನ್ನು ಯಾರೂ ಬರೆಯುತ್ತಿರಲಿಲ್ಲ.

ಒಂದು ಚಿಕ್ಕ ಉದಾಹರಣೆ. ಎರಡು ಹೆಸರುಗಳು ಸೂಚಿಸುವುದು ಸಮವಾದ ಎರಡು ವಸ್ತುಗಳನ್ನೋ ಒಂದೇ ವಸ್ತುವನ್ನೋ ಎಂದು ಕೇಳುವ ಪ್ರಶ್ನೆಯೊಂದು ಪೈಥಾನಿನಲ್ಲಿದೆ. ಸಿಪೈಥಾನು −5ರಿಂದ 256ರವರೆಗಿನ ಅಂಕಿಗಳನ್ನು ಮೊದಲೇ ತಯಾರಿಸಿ ಇಟ್ಟುಕೊಂಡಿರುತ್ತದೆ. ಆದುದರಿಂದ ಲೆಕ್ಕದಿಂದ ಎರಡು ಕಡೆ ಹುಟ್ಟಿದ 256 ಒಂದೇ ವಸ್ತು, ಹಾಗೆ ಹುಟ್ಟಿದ 257 ಎರಡು ವಸ್ತು. ಗಣಿತದಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಮನೆಯೊಡತಿ ಉಗ್ರಾಣದಲ್ಲಿ ಎಷ್ಟು ಪಾತ್ರೆಗಳನ್ನು ಮುಂದಾಗಿ ತೊಳೆದಿಟ್ಟಿದ್ದಳೆಂಬುದರ ಮೇಲೆ ನಿಂತ ಫಲಿತಾಂಶವದು. ಪೈಪೈಯ ಜಿಟ್ ಅಂಕಿಗಳನ್ನು ಪಾತ್ರೆಗೆ ಹಾಕದೆಯೇ ಕೈಯಿಂದ ಕೈಗೆ ದಾಟಿಸುವುದರಿಂದ, ಅಲ್ಲಿ ಪಾತ್ರೆಯ ಪ್ರಶ್ನೆಯೇ ಏಳದು. ಬೆಲೆ ಒಂದಾದರೆ ವಸ್ತುವೂ ಒಂದೇ ಎಂದು ಅದು ತೀರ್ಪು ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಕಿರಿಯನ ತೀರ್ಪೇ ಸಮಂಜಸ. ಆದರೆ ಹೊಂದಾಣಿಕೆಯ ನ್ಯಾಯಾಲಯದಲ್ಲಿ ಸಮಂಜಸತೆಗೆ ಮಾನವಿಲ್ಲ. ಅಲ್ಲಿ ಪೂರ್ವನಿದರ್ಶನವೇ ಪ್ರಮಾಣ.

ಎರಡನೆಯ ಉದಾಹರಣೆಯನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ಹಳಗನ್ನಡ ಪಾಠವೊಂದರಲ್ಲಿ ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸಿ, ಫಲವನ್ನು ಒಂದು ಕಡತಕ್ಕೆ ಬರೆದು, ಒಡನೆಯೇ ಆ ಕಡತವನ್ನು ತೆರೆದು ವಿಂಗಡಿಸುವ ಪುಟ್ಟ ಕ್ರಮವಿಧಿಯೊಂದು ನನ್ನಲ್ಲಿತ್ತು. ವರ್ಷಗಟ್ಟಲೆ ಅದು ದೂರಿಲ್ಲದೆ ದುಡಿದಿತ್ತು. ಪೈಪೈಯಲ್ಲಿ ಓಡಿಸಿದ ದಿನ ಕಡತ ಬರಿದಾಗಿ ಕಂಡಿತು; ಸಂಜೆಯವರೆಗೆ ಪೈಪೈಯನ್ನು ಬೈದೆ. ತಪ್ಪು ನನ್ನದೇ: ಕಡತವನ್ನು ಬರೆದಾದ ಮೇಲೆ ಮುಚ್ಚಬೇಕೆಂಬ ನಿಯಮವನ್ನು ನಾನು ಪಾಲಿಸಿರಲಿಲ್ಲ. ಹಾಗಾದರೆ ಅಷ್ಟು ವರ್ಷ ಮುಚ್ಚುತ್ತಿದ್ದವರು ಯಾರು? ಸಿಪೈಥಾನು ಪ್ರತಿಯೊಂದು ವಸ್ತುವಿನ ತಲೆಯ ಮೇಲೂ, ತನ್ನನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆಂಬ ಲೆಕ್ಕವನ್ನು ಬರೆದಿಟ್ಟಿರುತ್ತದೆ. ಲೆಕ್ಕ ಸೊನ್ನೆಗೆ ಇಳಿದ ಕ್ಷಣದಲ್ಲಿಯೇ ಆ ವಸ್ತುವನ್ನು ವಿಲೇವಾರಿ ಮಾಡುತ್ತದೆ. ಕಡತವಾಗಿದ್ದರೆ ಮುಚ್ಚಿಯೇ ಮಾಡುತ್ತದೆ. ಪೈಪೈ ಇಂಥ ಲೆಕ್ಕವನ್ನು ಇಡುವುದಿಲ್ಲ. ಅಲ್ಲಿ ಹೊಸ ವಸ್ತುಗಳೆಲ್ಲ ಮೊದಲು ಒಂದು ಚಿಕ್ಕ ಮಡಿಯಲ್ಲಿ ಸಸಿಗಳಂತೆ ಹುಟ್ಟುತ್ತವೆ; ಮಡಿ ತುಂಬಿದಾಗ ಇನ್ನೂ ಬೇಕಾದವನ್ನು ಕಿತ್ತು ದೊಡ್ಡ ಗದ್ದೆಯಲ್ಲಿ ನಾಟಿ, ಮಿಕ್ಕದ್ದನ್ನು ಒಮ್ಮೆಗೇ ಉತ್ತುಬಿಡುವುದು ಅದರ ಬೇಸಾಯ. ಒಟ್ಟಿನಲ್ಲಿ ಇದು ಹೆಚ್ಚು ಬೇಗದ್ದು. ಆದರೆ ಯಾವ ವಸ್ತು ಯಾವಾಗ ಹೋಗುತ್ತದೆಂಬುದನ್ನು ಹೇಳಲಾಗದು. ನನ್ನ ಕಡತ ಮುಚ್ಚಲ್ಪಟ್ಟಿತ್ತು. ನಾನು ಓದಿದ ಮೇಲೆ.

ಇದೇ ಲೆಕ್ಕದಿಂದ ಹುಟ್ಟಿದ ಮತ್ತೊಂದು ಸೂಕ್ಷ್ಮವನ್ನು ಹೇಳಿ ಮುಂದುವರಿಯುತ್ತೇನೆ. ಉದ್ದವಾದ ಪಠ್ಯಕ್ಕೆ ಒಂದೊಂದೇ ಅಕ್ಷರವನ್ನು ಕೊನೆಯಲ್ಲಿ ಸೇರಿಸುತ್ತ ಹೋದರೆ, ಪ್ರತಿಸಲವೂ ಇಡೀ ಪಠ್ಯವನ್ನು ನಕಲು ಮಾಡಬೇಕಾಗಿ, ಕಾಲವು ಉದ್ದದ ವರ್ಗದಂತೆ ಬೆಳೆಯತಕ್ಕದ್ದು ನ್ಯಾಯ. ಸಿಪೈಥಾನು ಹಾಗೆ ಮಾಡುವುದಿಲ್ಲ. ಈ ಪಠ್ಯವನ್ನು ಹಿಡಿದಿರುವವನು ಒಬ್ಬನೇ ಎಂದು ಲೆಕ್ಕದಿಂದ ಕಂಡುಕೊಂಡರೆ ಇದ್ದಲ್ಲಿಯೇ ಹಿಗ್ಗಿಸಿಬಿಡುತ್ತದೆ. ಲೆಕ್ಕವಿಲ್ಲದ ಪೈಪೈ ಆ ಸೌಕರ್ಯವನ್ನು ಕೊಡಲಾರದು. ಉತ್ತರ ಎರಡರಲ್ಲಿಯೂ ಒಂದೇ. ತಗಲುವ ಕಾಲ ಬೇರೆ. ಕಾಲವೂ ಭಾಷೆಯ ಅರ್ಥದಲ್ಲಿ ಸೇರಿದೆಯೆ? ಕೈಪಿಡಿ ಇಲ್ಲವೆನ್ನುತ್ತದೆ, ಕಾದು ಕುಳಿತ ಬಳಕೆದಾರ ಹೌದೆನ್ನುತ್ತಾನೆ.

ಇವೆಲ್ಲ ಮುಳ್ಳುಗಳು, ಬಂಡೆಯಿರುವುದು ಬೇರೆ ಕಡೆ. ಪೈಥಾನನ್ನು ಜನಪ್ರಿಯಗೊಳಿಸಿದ ಗುಣಗಳಲ್ಲಿ ಸಿ ಭಾಷೆಯ ಉಪಾಂಗಗಳನ್ನು ಅದಕ್ಕೆ ಕಸಿಕಟ್ಟಬಹುದೆಂಬುದು ಮುಖ್ಯವಾದದ್ದು. ಹ್ಯೂಗ್ನಿನ್ ಅವರ ನ್ಯೂಮರಿಕ್ ಹೀಗೆ ಕಟ್ಟಿದ ಕಸಿ; ಅದರ ವಂಶದಲ್ಲಿ ಹುಟ್ಟಿದ ನಂಪೈ ಇಂದು ವಿಜ್ಞಾನದ ಲೆಕ್ಕಾಚಾರಕ್ಕೆಲ್ಲ ಬೆನ್ನೆಲುಬು. ಈ ಕಸಿಗಳು ಹಿರಿಯನ ಒಳಮೈಯನ್ನು ನೇರವಾಗಿ ಮುಟ್ಟುತ್ತವೆ: ವಸ್ತುವು ಮೆಮೊರಿಯ ಇಂಥ ವಿಳಾಸದಲ್ಲಿ ಕದಲದೆ ಇದ್ದೀತೆಂದು ನಂಬುತ್ತವೆ, ತಲೆಯ ಮೇಲಿನ ಲೆಕ್ಕವನ್ನು ತಾವೇ ಏರಿಸಿ ಇಳಿಸುತ್ತವೆ, ಪಟ್ಟಿಯೊಳಗಿನ ಅಂಶಗಳು ಸಾಲಾಗಿ ಜೋಡಿಸಿರುವ ಜಾಗಕ್ಕೆ ಕೈಯಿಡುತ್ತವೆ. ಪೈಪೈಯಲ್ಲಿ ವಸ್ತುಗಳು ಮಡಿಯಿಂದ ಗದ್ದೆಗೆ ಸ್ಥಳ ಬದಲಾಯಿಸುತ್ತವೆ, ತಲೆಯ ಮೇಲೆ ಲೆಕ್ಕವಿಲ್ಲ, ಬರಿಯ ಅಂಕಿಗಳ ಪಟ್ಟಿಯಾದರೆ ಅದರೊಳಗೆ ವಸ್ತುಗಳೇ ಇಲ್ಲದೆ ಅಂಕಿಗಳು ಮಾತ್ರ ಒತ್ತಾಗಿ ಕುಳಿತಿರುತ್ತವೆ. ನಂಪೈಯ ಪಾಲಿಗೆ ಇದು ಪರಲೋಕ.

ಮೊದಲಿಗೆ ಪೈಪೈಯವರು ನಂಪೈಯನ್ನೇ ಆರ್‌ಪೈಥಾನಿನಲ್ಲಿ ಮತ್ತೆ ಬರೆಯುವ ಪ್ರಯತ್ನ ಮಾಡಿದರು. ಅದು ಸಮುದ್ರವನ್ನು ಚಂಬಿನಿಂದ ತೋಡಿದಂತಾಯಿತು. ಇವರು ತೋಡುತ್ತಿದ್ದಂತೆ ಅತ್ತ ನದಿಗಳು ಸೇರುತ್ತಲೇ ಇದ್ದುವು. ಆ ದಾರಿಯನ್ನು ಬಿಟ್ಟು, ಕಸಿಗಳ ಕಣ್ಣಿಗೆ ತಾನೇ ಸಿಪೈಥಾನೆಂದು ತೋರುವ ಒಂದು ವೇಷವನ್ನು ತೊಡುವ ಉಪಾಯವನ್ನು ಬೆಳೆಸಿದರು. ಸಿ ಭಾಷೆಯ ಕಡೆಗೆ ಒಂದು ವಸ್ತು ದಾಟುವಾಗ, ಕದಲದ ಸ್ಥಳದಲ್ಲಿ, ತಲೆಯ ಮೇಲೆ ಲೆಕ್ಕವುಳ್ಳ ಪ್ರತಿಕೃತಿಯೊಂದನ್ನು ನಿಲ್ಲಿಸಿ, ನಿಜವಾದ ವಸ್ತುವಿಗೂ ಅದಕ್ಕೂ ನಂಟನ್ನಿಟ್ಟುಕೊಂಡು, ಇತ್ತಣ ಬದಲಾವಣೆಗಳನ್ನು ಅತ್ತಲೂ ತೋರಿಸುವ ಏರ್ಪಾಟು ಅದು. ಬಹುಮಟ್ಟಿಗೆ ಅದು ನಡೆಯಿತು; ಮೂಲ ನಂಪೈಯೇ ಪೈಪೈಯಲ್ಲಿ ಓಡಿತು. ಆದರೆ ಗಡಿ ದಾಟುವಾಗೆಲ್ಲ ಸುಂಕ ತೆರಬೇಕು. ಗಡಿಯ ಇತ್ತ ಗಾಳಿಯಂತೆ ಓಡುವ ಕ್ರಮವಿಧಿ, ಎಡೆಬಿಡದೆ ಗಡಿ ದಾಟಬೇಕಾದರೆ ಹಿರಿಯನಿಗಿಂತ ಹಿಂದೆ ಬೀಳುತ್ತದೆ. ವೇಗಕ್ಕೆಂದು ಬಂದವನಿಗೆ ಇದೇನು ನ್ಯಾಯ? ಅಂದಮೇಲೆ ಉಳಿದ ದಾರಿ ಗಡಿಯ ಕಾಯಿದೆಯನ್ನೇ ತಿದ್ದುವುದು. 2012ರಲ್ಲಿ ರೀಗೋ ಮತ್ತು ಮಾಚೇಯ್ ಫಿಯಾಲ್ಕೋವ್ಸ್ಕಿ ಅವರು ಹಿರಿಯನ ಒಳಮೈಯನ್ನು ಮುಟ್ಟದೆ ಸಿ ಭಾಷೆಯನ್ನು ಕರೆಯುವ ಸಿ.ಎಫ್.ಎಫ್.ಐ. ಎಂಬ ಮಾರ್ಗವನ್ನು ತೆರೆದರು. 2019ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಪೈಥಾನಿಗರ ಸಮ್ಮೇಳನ ನಡೆದಾಗ, ಎಚ್‌ಪೈ ಎಂಬ ಇನ್ನೊಂದು ಒಪ್ಪಂದಕ್ಕೆ ಮೊದಲಾಯಿತು. ಅದರಲ್ಲಿ ಕಸಿಯ ಕೈಗೆ ವಸ್ತುವಿನ ವಿಳಾಸವನ್ನು ಕೊಡುವುದಿಲ್ಲ, ವಸ್ತುವನ್ನು ಬೇಕಾದಾಗ ಕೇಳಿ ಪಡೆಯಬಹುದಾದ ಬಿಲ್ಲೆಯೊಂದನ್ನು ಕೊಡುತ್ತಾರೆ.

ಹಿರಿಯನೂ ಕಿರಿಯರನ್ನು ತೀರ ಮರೆತವನಲ್ಲ. 2009ರಲ್ಲಿ ಪೈಥಾನಿನ ಪಾಲಕರು, ಭಾಷೆಯ ವ್ಯಾಕರಣದಲ್ಲಿ ಎರಡು ವರ್ಷ ಯಾವ ಹೊಸ ಮಾರ್ಪಾಟನ್ನೂ ಮಾಡಕೂಡದೆಂದು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು. ಓಡುತ್ತಿರುವ ಗುರಿಯನ್ನು ಬೆನ್ನಟ್ಟಿ ಏದುಸಿರು ಬಿಡುತ್ತಿದ್ದ ಇತರ ಇಂಟರ್‌ಪ್ರಿಟರ್‌ಗಳು ಹತ್ತಿರ ಬರಲೆಂಬುದು ಅದರ ಹೇಳಿಕೊಂಡ ಉದ್ದೇಶಗಳಲ್ಲೊಂದು. ಇಂಥ ದೊಡ್ಡಮನಸ್ಸು ಈ ವ್ಯವಹಾರದಲ್ಲಿ ಅಪರೂಪ.

ಒಂದು ಸಲವಂತೂ ಕಿರಿಯನೇ ಮುಂದೆ ನಡೆದು ಹಿರಿಯನು ಹಿಂಬಾಲಿಸಿದ. ಪೈಥಾನಿನ ನಿಘಂಟು ಎಂಬ ರಚನೆಯಲ್ಲಿ ಪದವನ್ನು ಕೊಟ್ಟರೆ ಅದರ ಬೆಲೆ ಕೂಡಲೆ ಸಿಗುತ್ತದೆ. ಆದರೆ ಪದಗಳನ್ನು ಹಾಕಿದ ಕ್ರಮ ಅದಕ್ಕೆ ನೆನಪಿರುತ್ತಿರಲಿಲ್ಲ. ರೇಮಂಡ್ ಹೆಟಿಂಗರ್ ಎಂಬವರು 2012ರ ಡಿಸೆಂಬರಿನಲ್ಲಿ ಒಂದು ಸಲಹೆ ಕೊಟ್ಟರು. ಪದ, ಬೆಲೆಗಳನ್ನು ಚೆಲ್ಲಾಪಿಲ್ಲಿಯಾದ ದೊಡ್ಡ ಕೋಷ್ಟಕದಲ್ಲಿ ಇಡುವುದರ ಬದಲು, ಬಂದ ಕ್ರಮದಲ್ಲಿಯೇ ಒತ್ತಾಗಿ ಒಂದು ಪಟ್ಟಿಯಲ್ಲಿ ಬರೆದು, ಚೆಲ್ಲಾಪಿಲ್ಲಿಯ ಕೋಷ್ಟಕದಲ್ಲಿ ಆ ಪಟ್ಟಿಯ ಸಾಲಿನ ಸಂಖ್ಯೆಯನ್ನು ಮಾತ್ರ ಇಟ್ಟರೆ ಮೆಮೊರಿ ಬಹಳ ಉಳಿಯುತ್ತದೆ ಎಂದು. ಸಲಹೆಯನ್ನು ಮೊದಲು ಕಾರ್ಯಕ್ಕೆ ತಂದದ್ದು ಪೈಪೈ, 2015ರಲ್ಲಿ. ಅದೇ ರಚನೆ 2016ರ ಕೊನೆಗೆ ಸಿಪೈಥಾನ್ 3.6ಕ್ಕೆ ಬಂದಿತು. ಉದ್ದೇಶಿಸಿದ್ದು ಉಳಿತಾಯ, ಜೊತೆಗೆ ಬಿಟ್ಟಿಯಾಗಿ ಬಂದದ್ದು ಹಾಕಿದ ಕ್ರಮದ ನೆನಪು. ಜನರು ಆ ಕ್ರಮವನ್ನು ನಂಬಿ ಬರೆಯತೊಡಗುವರೆಂಬುದು ಸ್ಪಷ್ಟವಾಗಿ, ಗೀಡೋ ಅವರು 2017ರ ಡಿಸೆಂಬರಿನಲ್ಲಿ ಇನ್ನು ಮುಂದೆ ಇದೇ ನಿಯಮವೆಂದು ಅಪ್ಪಣೆ ಕೊಟ್ಟರು, 3.7ರಿಂದ ಅದು ಭಾಷೆಯ ಲಕ್ಷಣವಾಯಿತು. ಒಳಗಿನ ವಿವರವೊಂದು ಸೂತ್ರದ ಪಟ್ಟವೇರಿದ್ದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ವೈಯಾಕರಣರಿಗೆ ಎಲ್ಲಿ ಸಿಕ್ಕೀತು?

ಪೈಪೈಯ ಬಾಳಿನಲ್ಲಿ ಈಗ ಒಂದು ವಿಲಕ್ಷಣ ಸನ್ನಿವೇಶವಿದೆ. ಆರ್‌ಪೈಥಾನೂ ಅದರ ಅನುವಾದಕಯಂತ್ರವೂ ಹುಟ್ಟಿದ್ದು ಪೈಥಾನಿನ ಎರಡನೆಯ ಪೀಳಿಗೆಯ ಕಾಲದಲ್ಲಿ. ಅವುಗಳ ಮೈಯೆಲ್ಲ ಆ ಪೀಳಿಗೆಯ ನುಡಿಯೇ. ಮೂರನೆಯ ಪೀಳಿಗೆ ಬಂದು ಬೇರೂರಿದ ಮೇಲೆ ಸಿಪೈಥಾನಿನವರು 2020ರ ಜನವರಿ 1ಕ್ಕೆ ಎರಡನೆಯದರ ಪಾಲನೆಯನ್ನು ನಿಲ್ಲಿಸಿದರು. ಪೈಪೈಯವರಿಗೆ ನಿಲ್ಲಿಸುವ ಮಾರ್ಗವಿರಲಿಲ್ಲ. ತಮ್ಮ ಕಮ್ಮಾರಸಾಲೆ ನಡೆಯುವುದೇ ಆ ಹಳೆಯ ನುಡಿಯಲ್ಲಿ. ಆದಕಾರಣ ಎರಡನೆಯ ಪೀಳಿಗೆಯ 2.7ರ ಪೈಥಾನನ್ನು ಅದರ ಹೆತ್ತವರು ಕೈಬಿಟ್ಟ ಮೇಲೂ ಪೈಪೈ ಇಟ್ಟುಕೊಂಡು ಸಾಕುತ್ತಿದೆ. ಮೂರನೆಯ ಪೀಳಿಗೆಗಾಗಿ ಹೊಸ ಪೈಪೈಯನ್ನು ಕಟ್ಟಬೇಕೆಂದವನು ಮೊದಲು 2.7ರ ಹಳೆಯ ಪೈಪೈಯನ್ನು ಎಬ್ಬಿಸಿ, ಅನುವಾದಕಯಂತ್ರವನ್ನು ಅದರ ಕೈಗೊಪ್ಪಿಸಿ, ತೆರೆಯ ಮೇಲೆ ಮ್ಯಾಂಡೆಲ್‌ಬ್ರಾಟ್‌ನ ಚಿತ್ರ ಸಾಲುಸಾಲಾಗಿ ಮೂಡುವುದನ್ನು ನೋಡುತ್ತ ಕುಳಿತಿರಬೇಕು.